ಸಟಾಣಾ ‘ಸೈತಾನ’ನಾದ ಬಗೆ

ನಾಶಿಕ ಜಿಲ್ಲೆಯ ಬಾಗಲಾಣ ತಾಲೂಕಿನ ಮುಖ್ಯ ಸ್ಥಳವು ಸಟಾಣಾ. ಮರಾಠಿಯಲ್ಲಿ ಟಕಾರ ಣಕಾರಗಳಿಂದ ಬರೆಯಲ್ಪಡುವ ಈ ಹೆಸರು ಆಂಗ್ಲ ಲಿಪಿಗೆ ಇಳಿದೊಡನೆ ‘ಸತಾನಾ’ ಎಂದು ಓದಲೂ ಎಡೆಗೊಡುತ್ತದೆ. ರಷ್ಯನ್ ಲಿಪಿಯಲ್ಲಿಯೂ ಟ-ತ, ಣ-ನ ಭೇದವಿಲ್ಲ. ಅಲ್ಲಿ ಇದನ್ನು ಬರೆದರೆ ‘ಸತನಾ’ ಎಂದಾಗುತ್ತದೆ. ಆ ಭಾಷೆಯಲ್ಲಿ ಅದರ ಅರ್ಥ ಸೈತಾನ! ದೇವಮಾಮಲೇದಾರ ಯಶವಂತರಾವ ಮಹಾರಾಜರ ಗುಡಿಯುಳ್ಳ ಊರಿಗೆ ಇಂಥ ಹೆಸರು ಬಂದುದು ಲಿಪಿಯ ಚೇಷ್ಟೆಯೇ ಹೊರತು ಊರಿನ ದೋಷವಲ್ಲ.

ನಗುವ ಮುನ್ನ ನಮ್ಮ ಹೆಸರುಗಳನ್ನೊಮ್ಮೆ ನೋಡಿಕೊಳ್ಳೋಣ. ಆಂಗ್ಲದಲ್ಲಿ ತಕಾರವನ್ನು ಬರೆಯಲು ‘ಟಿ’ಯೊಡನೆ ‘ಎಚ್’ ಸೇರಿಸುವುದು ಕನ್ನಡಿಗರ ರೂಢಿ. ಮಹಾರಾಷ್ಟ್ರದಲ್ಲಿ ಆ ಜೋಡಿ ಥಕಾರಕ್ಕೆ ಮೀಸಲು. ಆದಕಾರಣ ಆಂಗ್ಲ ಕಾಗದವನ್ನು ನೋಡಿ ದೇವನಾಗರಿಗೆ ಇಳಿಸುವ ಗುಮಾಸ್ತನ ಕೈಯಲ್ಲಿ (ಗುಮಾಸ್ತ ಬಂಧುಗಳು ಕ್ಷಮಿಸಬೇಕು) ಗೀತಾ ‘ಗೀಥಾ’ ಆಗುತ್ತಾಳೆ, ಕಾಮತ ‘ಕಾಮಥ’ನಾಗುತ್ತಾನೆ, ಕೊನೆಗೊಂದು ‘ಎ’ ಹಚ್ಚಿಕೊಂಡ ಮಂಜುನಾಥ ‘ಮಂಜುನಾಥಾ’ ಎಂದು ದೀರ್ಘವಾಗುತ್ತಾನೆ. ಅದೇ ಕಾಗದ ಮರಳಿ ಆಂಗ್ಲಕ್ಕೆ ಹೋದರೆ ಮೂರನೆಯ ರೂಪ. ಪೂಜಾರಿಯ ಊಕಾರಕ್ಕೆ ಒಬ್ಬರು ಎರಡು ‘ಓ’ ಬರೆದರೆ ಇನ್ನೊಬ್ಬರು ಒಂದು ‘ಯು’ ಬರೆಯುತ್ತಾರೆ. ಊರನ್ನು ಸೂಚಿಸುವ ಇನಿಶಿಯಲ್ಲು ಅಡ್ಡಹೆಸರಿನ ಮನೆಗೆ ನುಗ್ಗುವುದೂ ಉಂಟು.

ಗಲ್ಲಾದ ಮುಂದೆ ಕುಳಿತವನಿಗೆ ತಿಂಡಿಯ ವಿಷಯದಲ್ಲಿ ಇದೆಲ್ಲ ವಿನೋದವೇ. ನಮ್ಮ ದೋಸೆ ಇಲ್ಲಿ ‘ಡೋಸಾ’, ಉಡುಪಿ ‘ಉಡಪಿ’. ಆದರೆ ಆಧಾರ ಚೀಟಿಯಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು ಹೆಸರಿದ್ದು, ಇಪ್ಪತ್ತು ವರ್ಷ ತಟ್ಟೆಯೆತ್ತಿ ಕೂಡಿಟ್ಟ ಭವಿಷ್ಯನಿಧಿಯ ಹಣ ತಡೆದು ನಿಂತಾಗ ವಿನೋದವೆಲ್ಲಿಯದು? ಇಂದಿಗೂ ಕೆಲವು ಪ್ರಸಂಗಗಳಲ್ಲಿ ತಿದ್ದುಪಡಿಗೆ ಮಾಲೀಕನ ಒಪ್ಪಿಗೆ ಬೇಕು. ಮಾಲೀಕನು ಹೋಟೆಲು ಮುಚ್ಚಿ ಊರಿಗೆ ಹೋಗಿದ್ದರೆ ಅಲೆದಾಟ ಇಮ್ಮಡಿ.

ಈ ಅವಸ್ಥೆ ನಮ್ಮೊಬ್ಬರದೇ ಅಲ್ಲ. ರಷ್ಯನ್ನರಲ್ಲಿ ಹಕಾರಕ್ಕೆ ಸ್ವಂತ ಅಕ್ಷರವಿಲ್ಲ. ಹಿಮಾಲಯ ಅವರಲ್ಲಿ ‘ಗಿಮಲಾಯಿ’, ಮಹಾರಾಷ್ಟ್ರ ‘ಮಖರಾಷ್ಟ್ರ’, ನೆಹರೂ ಬರಿಯ ‘ನೇರು’. ನಮ್ಮೆಲ್ಲರಿಗೂ ಅನ್ನ ಕೊಟ್ಟ ಹೋಟೆಲು ಕೂಡ ಹಕಾರವಿಲ್ಲದೆ ‘ಅತೇಲ್’! ಅವರಿಗೆ ಅಕ್ಷರವೇ ಇಲ್ಲ, ಕ್ಷಮಿಸೋಣ. ನಾವು ಮಾಡಿದ್ದೇನು? ಅವರ ಮಹಾ ಲೇಖಕನ ಹೆಸರಿನಲ್ಲಿರುವುದು ತಕಾರ, ‘ತಲ್‌ಸ್ತೋಯ್’. ತಕಾರವುಳ್ಳ ಕನ್ನಡದಲ್ಲಿ ಅದನ್ನು ‘ಟಾಲ್‌ಸ್ಟಾಯ್’ ಎಂದು ಬರೆಯುತ್ತ ಬಂದಿದ್ದೇವೆ. ನಡುವೆ ಕುಳಿತ ದಲಾಲಿ ಆಂಗ್ಲ ಲಿಪಿ.

ಕನ್ನಡಕ್ಕೂ ಮರಾಠಿಗೂ ಈ ದಲಾಲಿಯ ಅವಶ್ಯಕತೆಯೇ ಇಲ್ಲ. ತ, ಥ, ಟ, ಣ, ಳ ಎಲ್ಲವೂ ಎರಡೂ ಕಡೆ ಇವೆ. ಮರಾಠಿಯಲ್ಲಿ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಗುರುತಿಲ್ಲ. ನಷ್ಟವೆಂದರೆ ಬಹುಮಟ್ಟಿಗೆ ಅಷ್ಟೇ. ವಾಚಕರು ಅರ್ಜಿ ತುಂಬುವ ಮೊದಲು ತಮ್ಮ ಹೆಸರನ್ನು ಕನ್ನಡದಿಂದ ನೇರವಾಗಿ ದೇವನಾಗರಿಯಲ್ಲಿ ಬರೆದು, ಅದರ ಕೆಳಗೆ ಆಧಾರದಲ್ಲಿರುವ ಆಂಗ್ಲ ರೂಪವನ್ನು ಯಥಾವತ್ತಾಗಿ ಬರೆದು, ಆ ಚೀಟಿಯನ್ನು ಗುಮಾಸ್ತರ ಕೈಗೆ ಕೊಡತಕ್ಕದ್ದು. ಮಕ್ಕಳನ್ನು ಶಾಲೆಗೆ ಸೇರಿಸುವ ದಿನ ಇದನ್ನು ಮರೆಯಲೇಬಾರದು. ಮುಂದಿನ ಎಷ್ಟೋ ಕಾಗದಗಳಲ್ಲಿ ಅಲ್ಲಿನ ದಾಖಲೆಯ ಅಕ್ಷರಗಳೇ ಇಳಿದುಬರುತ್ತವೆ.