ಹ್ಯಾಮಕ್ ಪಟ್ಟಿ: ಬಲಕ್ಕಿಂತ ಮೊದಲು ಉದ್ದ ನೋಡಿ

ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಲು ಪಟ್ಟಿ ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ: ಇದು ಎಷ್ಟು ಕೆ.ಜಿ. ತಡೆಯುತ್ತದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಪಟ್ಟಿ ಹೊರುವ ಸೆಳೆತ ಮಲಗುವವರ ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಮರದಿಂದ ಪಟ್ಟಿ ಎಷ್ಟು ಓರೆಯಾಗಿ ಇಳಿದಿದೆ ಎಂಬುದರ ಮೇಲೆ ಅದು ಹಲವು ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

70 ಕೆ.ಜಿ. ತೂಕದವರು ಮಲಗಿದ್ದಾರೆ ಎನ್ನಿ. ಎರಡು ಬದಿಯ ಪಟ್ಟಿಗಳು ತಲಾ 35 ಕೆ.ಜಿ.ಯನ್ನು ಮೇಲಕ್ಕೆ ಎತ್ತಿ ಹಿಡಿಯಬೇಕು. ಪಟ್ಟಿ ನೇರವಾಗಿ ಮೇಲಕ್ಕೆ ಹೋಗಿದ್ದರೆ ಅಷ್ಟೇ ಸೆಳೆತ ಸಾಕಿತ್ತು. ಓರೆಯಾಗಿರುವುದರಿಂದ ಸೆಳೆತದ ಒಂದು ಪಾಲು ಮಾತ್ರ ಮೇಲಕ್ಕೆ ದುಡಿಯುತ್ತದೆ. ಉಳಿದದ್ದು ಮರಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ನೆಲಕ್ಕೆ ಸಮಾನಾಂತರವಾದ ಗೆರೆಯಿಂದ 30 ಡಿಗ್ರಿ ಕೋನದಲ್ಲಿ ಸೆಳೆತದ ಅರ್ಧ ಭಾಗ ಮೇಲಕ್ಕೆ ಒದಗುತ್ತದೆ. ಹಾಗಾಗಿ ಪ್ರತಿ ಪಟ್ಟಿಯ ಸೆಳೆತ 70 ಕೆ.ಜಿ. ಭಾರಕ್ಕೆ ಸಮ. ಕೋನ 10 ಡಿಗ್ರಿಗೆ ಇಳಿದರೆ ಅದು ಸುಮಾರು 200 ಕೆ.ಜಿ., 5 ಡಿಗ್ರಿಗೆ ಸುಮಾರು 400 ಕೆ.ಜಿ. ಬಟ್ಟೆ ಒಣಹಾಕುವ ತಂತಿಯನ್ನು ಎಷ್ಟು ಬಿಗಿದು ಕಟ್ಟಿದರೂ ಒದ್ದೆ ಸೀರೆ ಬಿದ್ದೊಡನೆ ನಡು ಜಗ್ಗುವುದು ಇದೇ ಕಾರಣಕ್ಕೆ: ಪೂರ್ತಿ ನೇರವಾದ ತಂತಿಗೆ ಮೇಲಕ್ಕೆಳೆಯುವ ಬಲವೇ ಇರುವುದಿಲ್ಲ.

ಬಿಗಿಯಾಗಿ ಕಟ್ಟಿದರೆ ಬೆನ್ನು ಸಮವಾಗಿರುತ್ತದೆ ಎಂಬ ನಂಬಿಕೆಯಿಂದ ಹಲವರು ಹ್ಯಾಮಕ್ಕನ್ನು ಜಗ್ಗಿ ಬಿಗಿಯುತ್ತಾರೆ. ನಿಜವಾಗಿ, ಎರಡೂ ತುದಿಯಲ್ಲಿ ಬಟ್ಟೆ ಒಟ್ಟುಗೂಡಿಸಿದ ಹ್ಯಾಮಕ್ಕನ್ನು ಸಡಿಲವಾಗಿ ಇಳಿಬಿಟ್ಟು, ಅದರಲ್ಲಿ ಕರ್ಣರೇಖೆಯ ಗುಂಟ ಓರೆಯಾಗಿ ಮಲಗಿದಾಗಲೇ ಬೆನ್ನಿಗೆ ಹೆಚ್ಚು ಸಮತಲ ಸಿಗುತ್ತದೆ.

ಇಲ್ಲಿಯೇ ಪಟ್ಟಿಯ ಉದ್ದದ ಮಹತ್ವವಿರುವುದು. ಮರಗಳು 4.5 ಮೀಟರ್ ದೂರದಲ್ಲಿದ್ದರೆ, 30 ಡಿಗ್ರಿ ಕೋನ ಇಟ್ಟು, ಕೂರುವ ಜಾಗ ನೆಲದಿಂದ ಸುಮಾರು 45 ಸೆಂ.ಮೀ. ಎತ್ತರದಲ್ಲಿರಲು ಪಟ್ಟಿಯನ್ನು ಮರದ ಸುಮಾರು 1.75 ಮೀಟರ್ ಎತ್ತರದಲ್ಲಿ ಸುತ್ತಬೇಕು. 40 ಸೆಂ.ಮೀ. ದಪ್ಪದ ಕಾಂಡವನ್ನು ಒಮ್ಮೆ ಬಳಸಿ ಬರಲು ಸುಮಾರು ಒಂದೂಕಾಲು ಮೀಟರ್ ಪಟ್ಟಿ ಬೇಕು. ಅಲ್ಲಿಂದ ಹ್ಯಾಮಕ್ ತುದಿಗೆ ಇನ್ನೊಂದು ಮೀಟರ್. ಬಕಲ್‌ಗೋ ಕುಣಿಕೆಗೋ ಸ್ವಲ್ಪ ಉಳಿಯಬೇಕಲ್ಲ? ಅದಕ್ಕೇ ಪಟ್ಟಿಯೊಂದು 3 ಮೀಟರಾದರೂ ಇರಲಿ. ಗಿಡ್ಡ ಪಟ್ಟಿ ಕೈಕೊಡುವುದು ದೂರದ ಮರಗಳ ನಡುವೆ: ಹೇಗಾದರೂ ತಲುಪಿಸಬೇಕೆಂದು ಹ್ಯಾಮಕ್ಕನ್ನೇ ಎಳೆದು ನೇರ ಮಾಡುತ್ತೇವೆ, ಸೆಳೆತ ಮೂರು ಪಟ್ಟಾಗುತ್ತದೆ.

ಅಗಲ ಬೇಕಾಗಿರುವುದು ಮರಕ್ಕಾಗಿ. ತೊಗಟೆಯ ಒಳಪದರದಲ್ಲಿ ಎಲೆಗಳು ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುತ್ತದೆ. ಅದರ ಒಳಗೇ ಕಾಂಡವನ್ನು ದಪ್ಪವಾಗಿಸುವ ಕ್ಯಾಂಬಿಯಮ್ ಎಂಬ ತೆಳು ಪದರವಿದೆ. ಸುತ್ತಲೂ ಈ ಭಾಗ ಕಡಿದುಹೋದರೆ ಮರ ಸಾಯುತ್ತದೆ. 30 ಸೆಂ.ಮೀ. ದಪ್ಪದ ಕಾಂಡಕ್ಕೆ 4 ಮಿ.ಮೀ. ಹಗ್ಗ ಕಟ್ಟಿ 70 ಕೆ.ಜಿ. ಸೆಳೆತ ಕೊಟ್ಟರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 12 ಕೆ.ಜಿ. ಒತ್ತಡ. 25 ಮಿ.ಮೀ. ಅಗಲದ ಪಟ್ಟಿಗೆ ಅದು 2 ಕೆ.ಜಿ.ಗಿಂತ ಕಡಿಮೆ, 50 ಮಿ.ಮೀ. ಆದರೆ ಅದರಲ್ಲೂ ಅರ್ಧ.

ಅಡಿಕೆ, ತೆಂಗುಗಳ ಮಾತು ಬೇರೆ. ತಾಳೆ ಕುಲದ ಈ ಮರಗಳಿಗೆ ಕ್ಯಾಂಬಿಯಮ್ ಇಲ್ಲ. ಕಾಂಡಕ್ಕೆ ಗಾಯವಾದರೆ ಮಾವು, ಹಲಸುಗಳಂತೆ ಹೊಸ ಪದರ ಬೆಳೆದು ಮುಚ್ಚುವುದಿಲ್ಲ. ಆ ಕಲೆ ಕಡೆಯವರೆಗೂ ಉಳಿಯುತ್ತದೆ. 30 ಡಿಗ್ರಿಯಲ್ಲಿ ಕಟ್ಟಿದರೂ ಅಡ್ಡ ಸೆಳೆತ 60 ಕೆ.ಜಿ.ಯಷ್ಟಿರುವುದರಿಂದ ಸಣಕಲು ಅಡಿಕೆ ಮರಗಳನ್ನು ಬಿಟ್ಟುಬಿಡುವುದೇ ಒಳ್ಳೆಯದು. ಒಣಗಿದ, ಬುಡ ಟೊಳ್ಳಾದ ಮರ ಯಾವ ಜಾತಿಯದಾದರೂ ಬೇಡ.

ನೂಲಿನ ವಿಷಯಕ್ಕೆ ಬಂದರೆ, ಹೆಚ್ಚಿನವರಿಗೆ ಪಾಲಿಯೆಸ್ಟರ್ ಸಾಕು. ನೈಲಾನ್ ಗಟ್ಟಿಯೇ, ಆದರೆ ಭಾರಕ್ಕೆ ಹಿಗ್ಗುತ್ತದೆ, ನೀರು ಹೀರಿದರೆ ಇನ್ನೂ ಹಿಗ್ಗುತ್ತದೆ; ಮಲೆನಾಡಿನ ಮಳೆಗಾಲದ ರಾತ್ರಿ ಬೆಳಗಾಗುವಷ್ಟರಲ್ಲಿ ಬೆನ್ನು ನೆಲ ಮುಟ್ಟಬಹುದು. ಪಾಲಿಪ್ರೊಪಿಲೀನ್ ಹಗುರ, ಅಗ್ಗ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಬೇಗ ಸೋಲುತ್ತದೆ. ಡೈನೀಮಾ ತೀರಾ ಹಗುರ, ಹಿಗ್ಗುವುದೂ ಅತ್ಯಲ್ಪ. ಆದರೆ ನುಣುಪಾದ್ದರಿಂದ ಸಾಮಾನ್ಯ ಗಂಟುಗಳು ಜಾರುತ್ತವೆ, ಬೆಂಕಿಯ ಬಳಿ ಬೇಗ ಕರಗುತ್ತದೆ.

ಇಷ್ಟಾದ ಮೇಲೆ ಬಲದ ಅಂಕಿ ನೋಡಿ. ಪಟ್ಟಿಯ ಮೇಲಿನ ಸಂಖ್ಯೆ ಅದು ತುಂಡಾಗುವ ಭಾರವೋ, ಬಳಕೆಯ ಮಿತಿಯೋ ಎಂದು ಕೇಳಿ ತಿಳಿಯಿರಿ. ತುಂಡಾಗುವ ಭಾರವಾದರೆ ಅದರ ಐದನೇ ಒಂದು ಭಾಗವನ್ನಷ್ಟೇ ನಂಬಿ. ದೊಪ್ಪನೆ ಕೂತಾಗಿನ ಜಗ್ಗು, ಗಂಟಿನಿಂದ ಕುಂದುವ ಬಲ, ಸವೆತ ಎಲ್ಲಕ್ಕೂ ಉಳಿದ ನಾಲ್ಕು ಪಾಲು ಬೇಕು. 70 ಕೆ.ಜಿ.ಯವರಿಗೆ 350 ಕೆ.ಜಿ.ಯ ಪಟ್ಟಿ 30 ಡಿಗ್ರಿಯಲ್ಲಿ ಸಾಕು. ಅದೇ ಪಟ್ಟಿ 5 ಡಿಗ್ರಿಯಲ್ಲಿ ಸುಮ್ಮನೆ ಮಲಗಿದರೂ ಹರಿಯಬಹುದು.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಹೆಬ್ಬೆರಳು, ತೋರುಬೆರಳುಗಳನ್ನು ಪಿಸ್ತೂಲಿನಂತೆ ಚಾಚಿ, ತೋರುಬೆರಳನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಎರಡು ಬೆರಳ ತುದಿಗಳನ್ನು ಸೇರಿಸುವ ಗೆರೆಯ ಓರೆ ಹೆಚ್ಚುಕಡಿಮೆ 30 ಡಿಗ್ರಿ. ಪಟ್ಟಿ ಆ ಗೆರೆಗೆ ಹೊಂದಿದರೆ, ಮೊದಲು ಕೈಯಿಂದ ಜಗ್ಗಿ, ನಿಧಾನವಾಗಿ ಕೂತು, ಆಮೇಲೆ ಮಲಗಿ.