ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ಸೈಕಲಿನ ದಾರಿ



ಪೇಟೆ ಬೆಳೆದಂತೆಲ್ಲ ಮೊದಲು ಮಾಯವಾಗುವುದು ಖಾಲಿ ಜಾಗ. ಅದರ ಹಿಂದೆಯೇ ಮಕ್ಕಳು ಹೆದರಿಕೆಯಿಲ್ಲದೆ ಸೈಕಲ್ ಕಲಿಯುವ ಜಾಗವೂ ಹೋಗುತ್ತದೆ, ಮುದುಕರು ನಿಧಾನವಾಗಿ ಸೈಕಲ್ ತುಳಿಯುವ ಜಾಗವೂ ಹೋಗುತ್ತದೆ. ಜರ್ಮನಿಯ ರಾಜಧಾನಿ ಬರ್ಲಿನ್ ನಗರದ ಜನರು ಇಂಥ ಒಂದು ಜಾಗವನ್ನು ಹೋಗಗೊಡದೆ ಉಳಿಸಿಕೊಂಡಿದ್ದಾರೆ. ಅದು ಸುಮಾರು 300 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 740 ಎಕರೆಯಷ್ಟು ಬಯಲು. ಹೆಸರು ಟೆಂಪೆಲ್‌ಹೋಫರ್ ಫೆಲ್ಡ್. 'ಫೆಲ್ಡ್' ಎಂದರೆ ಹೊಲ, ಬಯಲು.

ಕೇರಳದಿಂದ ಹೆಣ್ಣುಮಕ್ಕಳು ದಾದಿಯರಾಗಿ ಜರ್ಮನಿಗೆ ಹೋಗತೊಡಗಿದ್ದು 1960ರ ದಶಕದಲ್ಲಿ. ಇಂದಿಗೂ ಹೋಗುತ್ತಿದ್ದಾರೆ. ನಿಮ್ಮ ಮನೆಯ ಅಥವಾ ನೆರೆಮನೆಯ ಯಾರಾದರೂ ಅಲ್ಲಿದ್ದರೆ ಈ ಬಯಲಿನ ವಿಷಯ ಅವರಿಗೂ ಉಪಯೋಗಕ್ಕೆ ಬಂದೀತು.

ಬಯಲಿನ ಹಳೆಯ ಕಥೆ

ಟೆಂಪೆಲ್‌ಹೋಫ್ ಎಂಬ ಹೆಸರು ಬಂದದ್ದು ಟೆಂಪ್ಲರ್ ಎಂಬ ಮಧ್ಯಯುಗದ ಧಾರ್ಮಿಕ ವೀರಯೋಧರ ಸಂಘದಿಂದ. 13ನೆಯ ಶತಮಾನದಲ್ಲಿ ಅವರು ಇಲ್ಲಿ ಹಳ್ಳಿ ಕಟ್ಟಿದರು. ಮುಂದೆ ಈ ಹೊಲಗಳು ಪ್ರಷ್ಯಾದ ಸೈನ್ಯದ ಕವಾಯತು ಮೈದಾನವಾದವು. 1909ರಲ್ಲಿ ಓರ್ವಿಲ್ ರೈಟ್ ಇಲ್ಲಿ ವಿಮಾನ ಹಾರಿಸಿ ತೋರಿಸಿದ. 1923ರಲ್ಲಿ ಇದು ವಿಮಾನ ನಿಲ್ದಾಣವಾಯಿತು. 1930ರ ದಶಕದಲ್ಲಿ ನಾತ್ಸಿಗಳು ಇದರ ಉತ್ತರದ ಅಂಚಿನಲ್ಲಿ ಕೊಲಂಬಿಯಾ ಎಂಬ ಸೆರೆಶಿಬಿರ ನಡೆಸಿ ಮನುಷ್ಯರನ್ನು ಹಿಂಸಿಸಿದರು. ಆ ನೆನಪೂ ಈ ನೆಲಕ್ಕೆ ಅಂಟಿಕೊಂಡಿದೆ.

1948ರ ಜೂನ್ ತಿಂಗಳಲ್ಲಿ ಸೋವಿಯೆತ್ ಸೈನ್ಯವು ಪಶ್ಚಿಮ ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನೆಲ್ಲ ಮುಚ್ಚಿತು. ಸುಮಾರು 20 ಲಕ್ಷ ಜನರಿಗೆ ಬೇಕಾದ ಹಿಟ್ಟು, ಹಾಲಿನ ಪುಡಿ, ಕಲ್ಲಿದ್ದಲು ಎಲ್ಲವೂ ವಿಮಾನದಲ್ಲಿ ಬರಬೇಕಾಯಿತು. ಹಗಲು ರಾತ್ರಿ ವಿಮಾನಗಳು ಇಳಿದ ಮುಖ್ಯ ನಿಲ್ದಾಣಗಳಲ್ಲಿ ಇದೂ ಒಂದು. ಗೇಲ್ ಹಾಲ್ವರ್ಸನ್ ಎಂಬ ಅಮೆರಿಕದ ಪೈಲಟ್ ಕರವಸ್ತ್ರಗಳನ್ನೇ ಪ್ಯಾರಾಚೂಟ್ ಮಾಡಿ, ಬೇಲಿಯ ಹೊರಗೆ ಕಾದು ನಿಂತ ಮಕ್ಕಳಿಗೆ ಚಾಕೊಲೇಟ್ ಇಳಿಸುತ್ತಿದ್ದ. 1949ರ ಮೇ ತಿಂಗಳಲ್ಲಿ ದಿಗ್ಬಂಧನ ಮುಗಿಯಿತು.

ನಿಲ್ದಾಣವನ್ನು 2008ರ ಅಕ್ಟೋಬರ್ 30ರಂದು ಮುಚ್ಚಲಾಯಿತು. 2010ರ ಮೇ 8ರಂದು ಅದೇ ಬಯಲಿನ ಗೇಟುಗಳನ್ನು ಸಾರ್ವಜನಿಕರಿಗೆ ತೆರೆಯಲಾಯಿತು.

ಸೈಕಲಿನಲ್ಲಿ ಒಂದು ಸುತ್ತು

ವಿಮಾನ ನಿಲ್ದಾಣದ ಕಾಲದ ಡಾಂಬರು ರಸ್ತೆಯನ್ನು ಕಿತ್ತು ಹಾಕದೆ ಹಾಗೆಯೇ ಬಿಟ್ಟದ್ದು ಬುದ್ಧಿವಂತಿಕೆಯ ಕೆಲಸ. ಬಯಲಿನ ಅಂಚಿನಲ್ಲೇ ಒಂದು ಸುತ್ತು ಬಂದರೆ ಸುಮಾರು 6 ಕಿಲೋಮೀಟರ್ ಆಗುತ್ತದೆ. ಏರಿಲ್ಲ, ಇಳಿತವಿಲ್ಲ. ನಡುವೆ ಪೂರ್ವ ಪಶ್ಚಿಮವಾಗಿ ಎರಡು ರನ್‌ವೇಗಳಿವೆ, ಒಂದೊಂದೂ ಸುಮಾರು 2 ಕಿಲೋಮೀಟರ್ ಉದ್ದ. ಹೆದ್ದಾರಿಗಿಂತ ಅಗಲವಾದ ಈ ರನ್‌ವೇಗಳಲ್ಲಿ ಸೈಕಲಿನವರು, ಚಕ್ರದ ಬೂಟಿನವರು, ಓಡುವವರು, ಗಾಳಿಪಟದವರು ಎಲ್ಲರಿಗೂ ಜಾಗವಿದೆ. ದಕ್ಷಿಣದ ಬೇಲಿಯಾಚೆ ರೈಲು ಮಾರ್ಗ, ಅದರ ಮಗ್ಗುಲಲ್ಲೇ ಭರಭರನೆ ಕಾರು ಓಡುವ ಹೆದ್ದಾರಿ. ಬೇಲಿಯೊಳಗೆ ಸಾರ್ವಜನಿಕರ ಕಾರು, ಬೈಕುಗಳಿಗೆ ಪ್ರವೇಶವಿಲ್ಲ.

ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಪಶ್ಚಿಮದಲ್ಲಿ ಟೆಂಪೆಲ್‌ಹೋಫರ್ ಡಾಮ್, ಉತ್ತರದಲ್ಲಿ ಕೊಲಂಬಿಯಾಡಾಮ್, ಪೂರ್ವದಲ್ಲಿ ಓಡರ್‌ಸ್ಟ್ರಾಸೆ ಎಂಬ ರಸ್ತೆಗಳ ಕಡೆಯಿಂದ ಗೇಟುಗಳಿವೆ. ಸೂರ್ಯ ಮುಳುಗುವ ಹೊತ್ತಿಗೆ ಅವು ಮುಚ್ಚುತ್ತವೆ. ಚಳಿಗಾಲದಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು, ಆದ್ದರಿಂದ ಹೊರಡುವ ಮೊದಲು ಗೇಟಿನ ಸಮಯ ನೋಡಿಕೊಳ್ಳುವುದು ಒಳ್ಳೆಯದು. ನಡುಬಯಲಿನಲ್ಲಿ ಮರದ ನೆರಳಿಲ್ಲ, ಗಾಳಿ ಜೋರು. ನೀರಿನ ಬಾಟಲಿ, ತಲೆಗೊಂದು ಟೋಪಿ ಬೇಕೇ ಬೇಕು. ಮೈಯಲ್ಲಿ ಹುರುಪಿರುವಾಗಲೇ ಗಾಳಿಗೆ ಎದುರಾಗಿ ಹೋದರೆ, ಬರುವಾಗ ಗಾಳಿಯೇ ಬೆನ್ನು ತಳ್ಳುತ್ತದೆ.

ಇನ್ನೂ ದೂರ ಹೋಗುವ ಆಸೆಯಿದ್ದವರಿಗೆ ಬರ್ಲಿನ್ನಿನಲ್ಲಿ ಸುಮಾರು 160 ಕಿಲೋಮೀಟರಿನ 'ಗೋಡೆಯ ದಾರಿ' ಇದೆ. ಹಿಂದೆ ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದಿದ್ದ ಗೋಡೆಯ ಜಾಡಿನಲ್ಲಿ, ಬಹಳ ಕಡೆ ಗಡಿ ಕಾವಲಿನವರು ತಿರುಗುತ್ತಿದ್ದ ರಸ್ತೆಯಲ್ಲೇ, ಅದು ಸಾಗುತ್ತದೆ. ಆದರೆ ಪೇಟೆಯೊಳಗೆ ಅದು ಸಾಮಾನ್ಯ ರಸ್ತೆಗಳನ್ನೂ ಸೇರುವುದರಿಂದ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಬಯಲಿನ ಸುತ್ತೇ ಕ್ಷೇಮ.

ಹುಲ್ಲು, ಹಕ್ಕಿ, ತರಕಾರಿ

ಕೃಷಿಕರಾದ ನಮಗೆ ಇಲ್ಲಿ ನೋಡುವಂಥದ್ದು ಬೇರೆಯೂ ಇದೆ. ರನ್‌ವೇಗಳ ನಡುವಿನ ಹುಲ್ಲುಗಾವಲಿನಲ್ಲಿ ನಮ್ಮ ನೆಲಗುಬ್ಬಿಯ ಕುಲಕ್ಕೆ ಸೇರಿದ ಬಾನಾಡಿ ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಯುರೋಪಿನ ಹೊಲಗಳಲ್ಲಿ ಈ ಹಕ್ಕಿ ಬಹಳ ಕಡಿಮೆಯಾಗಿದೆ. ಒಂದೇ ಬೆಳೆಯ ದಟ್ಟ ಸಾಗುವಳಿ, ಕೀಟನಾಶಕ, ಅವಸರದ ಹುಲ್ಲು ಕಟಾವು ಇವೇ ಕಾರಣ. ಈ ಬಯಲಿನಲ್ಲಿ ಮರಿ ಮಾಡುವ ಕಾಲಕ್ಕೆ ಹುಲ್ಲಿನ ಭಾಗಗಳನ್ನು ಬೇಲಿ ಕಟ್ಟಿ ಮುಚ್ಚುತ್ತಾರೆ. ಸೈಕಲಿನವರು ಡಾಂಬರು ಬಿಟ್ಟು ಹುಲ್ಲಿಗೆ ಇಳಿಯಬಾರದು. ನಾಯಿಗಳಿಗೆ ಬೇರೆಯೇ ಜಾಗವಿದೆ.

ಬಯಲಿನ ಪೂರ್ವದ ಬದಿಯಲ್ಲಿ 2011ರಿಂದ ನೆರೆಹೊರೆಯವರ ತರಕಾರಿ ತೋಟವೊಂದು ನಡೆಯುತ್ತಿದೆ. ನೆಲ ಅಗೆಯುವಂತಿಲ್ಲ, ಹಾಗಾಗಿ ಹಳೆಯ ಹಲಗೆಗಳಿಂದ ಪೆಟ್ಟಿಗೆ ಮಾಡಿ, ಮಣ್ಣು ತುಂಬಿ, ಅದರಲ್ಲೇ ತರಕಾರಿ, ಹೂಗಿಡ ಬೆಳೆಸುತ್ತಾರೆ. ತೋಟದ ಹೆಸರಿನಲ್ಲಿ 'ಅಲ್ಮೆಂಡೆ' ಎಂಬ ಶಬ್ದವಿದೆ. ಹಳೆಯ ಕಾಲದಲ್ಲಿ ಊರವರೆಲ್ಲ ಸೇರಿ ದನ ಮೇಯಿಸುತ್ತಿದ್ದ ಜಾಗಕ್ಕೆ ಜರ್ಮನರು ಹೇಳುತ್ತಿದ್ದ ಶಬ್ದ ಅದು. ಬೇಸಗೆಯ ರಾತ್ರಿಗಳಲ್ಲಿ ಈ ದೊಡ್ಡ ಹುಲ್ಲುಗಾವಲು ಬೇಗ ತಣಿದು, ಸುತ್ತಲಿನ ಮನೆಗಳಿಗೆ ತಂಪು ಗಾಳಿ ಕೊಡುತ್ತದೆ. ಕಾಂಕ್ರೀಟು ಹಾಕಿದ ನೆಲಕ್ಕೆ ಈ ಗುಣವಿಲ್ಲ.

ಮನೆಯೋ, ಬಯಲೋ?

ಇಷ್ಟು ಜಾಗ ನಗರದ ನಡುವೆ ಸುಮ್ಮನೆ ಉಳಿಯುವುದುಂಟೇ? ನಗರ ಸರಕಾರವು ಬಯಲಿನ ಅಂಚುಗಳಲ್ಲಿ ಸುಮಾರು 4,700 ಮನೆಗಳನ್ನೂ ಒಂದು ದೊಡ್ಡ ಗ್ರಂಥಾಲಯವನ್ನೂ ಕಟ್ಟುವ ಯೋಜನೆ ಹಾಕಿತು. ಜನರು ಸಹಿ ಸಂಗ್ರಹಿಸಿ ಜನಮತಗಣನೆ ನಡೆಯುವಂತೆ ಮಾಡಿದರು. 2014ರ ಮೇ 25ರಂದು ಮತ ಹಾಕಿದವರಲ್ಲಿ ಶೇಕಡಾ 64ಕ್ಕಿಂತ ಹೆಚ್ಚು ಮಂದಿ ಬಯಲು ಬಯಲಾಗಿಯೇ ಇರಲಿ ಎಂದರು. ಅದೇ ಕಾನೂನಾಯಿತು.

ಎದುರು ವಾದವನ್ನು ತಳ್ಳಿಹಾಕುವಂತಿಲ್ಲ. ಬರ್ಲಿನ್ನಿನಲ್ಲಿ ಬಾಡಿಗೆ ಏರಿದೆ, ಬಡವರಿಗೆ ಮನೆ ಸಿಗುವುದು ಕಷ್ಟವಾಗಿದೆ. 2015ರಲ್ಲಿ ಯುದ್ಧದಿಂದ ಓಡಿಬಂದ ನಿರಾಶ್ರಿತರು ಇದೇ ನಿಲ್ದಾಣದ ವಿಮಾನ ಕೊಟ್ಟಿಗೆಗಳಲ್ಲಿ ಮಲಗಿದರು. ಅಂಚಿನಲ್ಲಿ ಅವರಿಗೆ ತಾತ್ಕಾಲಿಕ ವಸತಿ ಕಟ್ಟಲು 2016ರಲ್ಲಿ ಕಾನೂನನ್ನು ಸ್ವಲ್ಪ ಸಡಿಲಿಸಲಾಯಿತು. ಅಂಚಿನಲ್ಲಿ ಮನೆ ಕಟ್ಟಬೇಕೆಂಬ ಚರ್ಚೆ ಮತ್ತೆ ಮತ್ತೆ ಏಳುತ್ತಲೇ ಇದೆ. ಮನೆಯೂ ಬೇಕು, ಬಯಲೂ ಬೇಕು, ನಿಜ. ಆದರೆ ಮನೆಗೆ ಬೇರೆ ಜಾಗ ಹುಡುಕಬಹುದು. ಒಮ್ಮೆ ಕಟ್ಟಡವೆದ್ದ ಬಯಲನ್ನು ಮತ್ತೆ ಬಯಲು ಮಾಡಿದವರು ಬಹಳ ಕಡಿಮೆ. ಪುರಂಬೋಕು ಜಾಗ ಒಂದೊಂದೇ ಸೆಂಟ್ಸಾಗಿ ಕರಗುವುದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆರೋಗ್ಯದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ದೊಡ್ಡವರು ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಮಾಡಬೇಕು. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ತುಳಿದರೆ ಆ ಬಯಲಿನ ಒಂದು ಸುತ್ತಿಗೆ ಅರ್ಧ ಗಂಟೆ. ವಾರದಲ್ಲಿ ಐದು ದಿನ ಒಂದೊಂದು ಸುತ್ತು ಬಂದರೆ ಲೆಕ್ಕ ಸರಿಹೋಯಿತು. ಮೈಭಾರವನ್ನು ಸೀಟು ಹೊರುವುದರಿಂದ ಓಟಕ್ಕಿಂತ ಸೈಕಲಿನಲ್ಲಿ ಮಂಡಿಗೆ ಪೆಟ್ಟು ಕಡಿಮೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಗೂ ಇದು ಸಹಾಯಕ.

ಎಲ್ಲಿಯೇ ತುಳಿಯಲಿ, ಕೆಲವು ಮಾತು ನೆನಪಿರಲಿ. ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಮಡಚಿರುವಷ್ಟು ಸೀಟು ಎತ್ತರವಿರಬೇಕು. ಸೀಟು ತಗ್ಗಾದರೆ ಮಂಡಿ ನೋಯುತ್ತದೆ. ಟಯರಿನ ಗಾಳಿ, ಬ್ರೇಕು ಮೊದಲೇ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯೋ ಮಿಠಾಯಿಯೋ ಇಟ್ಟುಕೊಳ್ಳಲಿ. ಹೃದಯದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೊರಡಲಿ.

ಇಷ್ಟೆಲ್ಲ ಲಾಭಕ್ಕೆ ಬರ್ಲಿನ್ನಿನವರು ಹೊಸ ರಸ್ತೆ ಮಾಡಲಿಲ್ಲ. ಇದ್ದ ರಸ್ತೆಗೆ ಮೋಟಾರು ಬಾರದಂತೆ ಗೇಟು ಹಾಕಿದರು, ಆ ಗೇಟಿನ ಕಾವಲಿಗೆ ತಮ್ಮ ಮತವನ್ನು ನಿಲ್ಲಿಸಿದರು. ಊರಿಗೆ ಸೇರಿದ ಒಂದು ಮೈದಾನವನ್ನಾದರೂ ಬೆಳಗ್ಗೆ ಒಂದು ಗಂಟೆ ಹೀಗೆ ಉಳಿಸಿಕೊಳ್ಳುವುದು ನಮ್ಮ ಪಂಚಾಯತುಗಳಿಗೂ ದೊಡ್ಡ ಖರ್ಚಿನ ಬಾಬತ್ತಲ್ಲ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಬೇಕು, ಅಷ್ಟೆ.