ಹೊಲದ ಪೆಟ್ಟಿಗೆಯ ಶೆಲ್ಲು ಬಾಳಬೇಕಾದರೆ



ಮಣ್ಣಿನ ತೇವವನ್ನು ಅಳೆದು, ತಂತಿಯ ಹಂಗಿಲ್ಲದೆ ಮನೆಗೆ ತಿಳಿಸುವ ಪುಟ್ಟ ಪೆಟ್ಟಿಗೆಗಳು ಈಗ ಕೊಳ್ಳಲು ಸಿಗುತ್ತವೆ. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಕೆಲವರು ಹಾಕಿಸಿಕೊಂಡೂ ಇದ್ದಾರೆ. ಬೇರಿನ ಮಟ್ಟದಲ್ಲಿ ಹೂತ ಕಡ್ಡಿ ತೇವವನ್ನು ನೋಡುತ್ತದೆ, ಮೇಲಿನ ಪೆಟ್ಟಿಗೆ ಆ ಅಂಕಿಯನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತದೆ, ಅಂಕಿ ನೋಡಿಕೊಂಡು ನೀವು ನೀರು ಬಿಡುತ್ತೀರಿ. ಏರ್ಪಾಡೇನೋ ಸೊಗಸು. ಆದರೆ ಕಾಯಿ ತುಂಬುವ ಹೊತ್ತಿಗೇ ಪೆಟ್ಟಿಗೆಯ ಶೆಲ್ಲು ತೀರಿಹೋದರೆ? ಫೋನಿನಲ್ಲಿ ಹಳೆಯ ಅಂಕಿ ಹಾಗೇ ನಿಂತಿರಬಹುದು. ತೇವ ಸಾಕಷ್ಟಿದೆ ಅಂತ ನಂಬಿ ಕೂತವರಿಗೆ ಗಿಡ ಬಾಡಿದ ಮೇಲೇ ಗೊತ್ತಾಗುವುದು. ಆದಕಾರಣ ಶೆಲ್ಲು ಎಲ್ಲಿ ಖರ್ಚಾಗುತ್ತದೆ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ಪೆಟ್ಟಿಗೆ ಮಾತಾಡುವಾಗ ಶೆಲ್ಲು ಕರಗುತ್ತದೆ, ಸುಮ್ಮನಿದ್ದಾಗ ಉಳಿಯುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ರೇಡಿಯೋ ಸುಮ್ಮನಿರುವುದರಲ್ಲಿ ಎರಡು ಬಗೆಯುಂಟು. ಯಾರಾದರೂ ಕರೆದಾರೆಂದು ಕಿವಿಗೊಟ್ಟು ಕಾಯುವುದು ಒಂದು. ಕಿವಿಯನ್ನೂ ಮುಚ್ಚಿ ಮಲಗುವುದು ಇನ್ನೊಂದು. ಇಂಥ ಪೆಟ್ಟಿಗೆಗಳ ಪ್ರಯೋಗಗಳಲ್ಲಿ ಬಹಳವಾಗಿ ಬಳಕೆಯಾದ ಸಿಸಿ ೨೪೨೦ ಎಂಬ ರೇಡಿಯೋ ಬಿಲ್ಲೆಯ ಲೆಕ್ಕ ನೋಡಿ. ಮಾತಾಡುವಾಗ ಅದು ಹೆಚ್ಚೆಂದರೆ ೧೭.೪ ಮಿಲಿ ಆಂಪಿಯರ್ ಕರೆಂಟು ಎಳೆಯುತ್ತದೆ. ಕಿವಿಗೊಟ್ಟು ಕಾಯುವಾಗ ೧೮.೮. ಕಾಯುವುದೇ ದುಬಾರಿ! ೨,೫೦೦ ಮಿಲಿ ಆಂಪಿಯರ್ ಗಂಟೆಯ ಎರಡು ಸಣ್ಣ ಶೆಲ್ಲುಗಳನ್ನು ಒಂದರ ಹಿಂದೊಂದು ಹಾಕಿ ಅದನ್ನು ಹಗಲೂ ರಾತ್ರಿ ಕಾಯಲು ಬಿಟ್ಟರೆ ಐದೂವರೆ ದಿನಕ್ಕೆ ಮುಗಿಯಿತು. ನೂರರಲ್ಲಿ ಒಂದು ಪಾಲು ಹೊತ್ತು ಎಚ್ಚರವಿದ್ದು ಮಿಕ್ಕ ಹೊತ್ತು ಮಲಗಿದರೆ, ಅದೇ ಶೆಲ್ಲು ಲೆಕ್ಕದ ಪ್ರಕಾರ ಒಂದೂವರೆ ವರ್ಷ ಬರಬೇಕು.

ರಾತ್ರಿ ತ್ರೀ ಫೇಸ್ ಕರೆಂಟಿಗಾಗಿ ಪಂಪ್‌ಹೌಸಿನಲ್ಲಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಗಂಟೆಗೆ ಬರುತ್ತದೆ ಅಂತ ಖಚಿತವಿದ್ದರೆ ಅಲಾರಂ ಇಟ್ಟು ಮಲಗಬಹುದು. ಯಾವಾಗಲೋ ಬರುತ್ತದೆ ಅಂದರೆ ಇಡೀ ರಾತ್ರಿ ಜಾಗರಣೆ. ಮೋಟಾರು ಹಾಕುವುದು ಅರೆಗಳಿಗೆಯ ಕೆಲಸ. ಮೈ ದಣಿಯುವುದು ಕಾದು ಕಾದು.

ಹಾಗಾದರೆ ಎಲ್ಲ ಪೆಟ್ಟಿಗೆಗಳೂ ಮಲಗಲಿ ಎನ್ನೋಣ. ಒಂದು ಎದ್ದು ಕೂಗಿದಾಗ ಕೇಳಬೇಕಾದದ್ದು ಮಲಗಿದ್ದರೆ ಏನು ಗತಿ? ಯಾರು ಯಾವಾಗ ಏಳಬೇಕು, ಯಾವಾಗ ಮಾತಾಡಬೇಕು ಎಂಬ ಕಟ್ಟಳೆ ಬೇಕಾಗುವುದು ಇಲ್ಲಿಯೇ. ಇದಕ್ಕೆ ಪ್ರೋಟೋಕಾಲ್ ಎಂದು ಹೆಸರು. ೨೦೦೨ರಲ್ಲಿ ಅಮೆರಿಕದ ಸಂಶೋಧಕರು ಹೊರತಂದ ಎಸ್-ಮ್ಯಾಕ್ ಎಂಬ ಕಟ್ಟಳೆಯಲ್ಲಿ ನೆರೆಹೊರೆಯ ಪೆಟ್ಟಿಗೆಗಳೆಲ್ಲ ಒಂದೇ ಹೊತ್ತಿಗೆ ಏಳುತ್ತವೆ, ಒಂದೇ ಹೊತ್ತಿಗೆ ಮಲಗುತ್ತವೆ. ನಾಲೆಯ ನೀರಿನ ಸರದಿ ಇದ್ದ ಹಾಗೆ. ತೊಡಕೆಂದರೆ, ಅಗ್ಗದ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡು ಹಿಂದೆ ಮುಂದೆ ಆಗುತ್ತದೆ, ಬಿಸಿಲಿನ ಕಾವಿಗೆ ಇನ್ನೂ ಏರುಪೇರಾಗುತ್ತದೆ. ಆಗಾಗ ಗಡಿಯಾರ ಸರಿಮಾಡಿಕೊಳ್ಳುವ ಮಾತಿಗೇ ಶೆಲ್ಲು ಸವೆಯುತ್ತದೆ. ೨೦೦೪ರ ಬಿ-ಮ್ಯಾಕ್ ಈ ಗೋಜನ್ನೇ ಬಿಟ್ಟಿತು. ಪ್ರತಿ ಪೆಟ್ಟಿಗೆ ತನ್ನಷ್ಟಕ್ಕೆ ತಾನು ಆಗಾಗ ಕ್ಷಣಮಾತ್ರ ಕಿವಿ ತೆರೆಯುತ್ತದೆ. ಮಾತಾಡುವ ಪೆಟ್ಟಿಗೆ ಮೊದಲು, ಗುಡ್ಡದಾಚೆಯವರನ್ನು 'ಓ…' ಎಂದು ಕರೆದಂತೆ, ಉದ್ದಕ್ಕೆ ಕೂಗುತ್ತದೆ. ಆ ಕೂಗು ಮುಗಿಯುವುದರೊಳಗೆ ಮಲಗಿದವನು ಒಮ್ಮೆಯಾದರೂ ಕಿವಿ ತೆರೆದೇ ತೆರೆಯುತ್ತಾನೆ. ದಣಿವು ಕೂಗುವವನ ಪಾಲಿಗೆ ಬಂತು. ಅಪರೂಪಕ್ಕೆ ಮಾತಾಡುವ ಕಡೆ ಇದೇ ಮೇಲು.

ಇಂಥ ಪ್ರಯೋಗ ನಮ್ಮ ಸೀಮೆಯಲ್ಲೂ ನಡೆದಿದೆ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ, ೨೦೦೦ದ ದಶಕದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ ಮಳೆ ನಂಬಿದ ಸಣ್ಣ ಬೇಸಾಯಗಾರರಿಗಾಗಿ ಹೊಲಗಳಲ್ಲಿ ಇಂಥ ಪೆಟ್ಟಿಗೆಗಳನ್ನಿಟ್ಟು ನೋಡಿದರು. ಆ ಕಾಲದ ಪೆಟ್ಟಿಗೆಗಳ ಕೂಗು ಬಹುದೂರ ಹೋಗುತ್ತಿರಲಿಲ್ಲ. ಒಂದು ಇನ್ನೊಂದಕ್ಕೆ ಹೇಳಿ ಸುದ್ದಿ ದಾಟಿಸುವುದೇ ಆಗಿನ ರೂಢಿ. ಇದರಲ್ಲಿ ಕಟ್ಟಕಡೆಯ ಪೆಟ್ಟಿಗೆ ಊರಿನವರೆಲ್ಲರ ಸುದ್ದಿಯನ್ನು ಹೊರಬೇಕು, ಆದ್ದರಿಂದ ಅದರ ಶೆಲ್ಲೇ ಮೊದಲು ಸಾಯುತ್ತದೆ.

ಈಗ ಹೆಚ್ಚಾಗಿ ಬರುತ್ತಿರುವುದು ಲೋರಾ ಎಂಬ ಬಗೆ. ನಮ್ಮ ದೇಶದಲ್ಲಿ ೮೬೫ ಮೆಗಾಹರ್ಟ್ಸ್ ಆಸುಪಾಸಿನ, ಪರವಾನಗಿ ಬೇಡದ ಅಲೆಗಳಲ್ಲಿ ಇದು ಕೆಲಸ ಮಾಡುತ್ತದೆ. ಅಲೆಗೆ ಅಡ್ಡಿಯಿಲ್ಲದಿದ್ದರೆ ಕೆಲವು ಕಿಲೋಮೀಟರು ಹೋಗುತ್ತದೆ. ಮನೆಯ ಮಾಳಿಗೆಯ ಮೇಲೆ, ಮನೆಯ ಕರೆಂಟಿನಿಂದ ನಡೆಯುವ ಗೇಟ್‌ವೇ ಎಂಬುದು ಹಗಲಿರುಳೂ ಎಚ್ಚರವಿರುತ್ತದೆ. ಹೊಲದ ಪೆಟ್ಟಿಗೆ ತನಗೆ ತೋಚಿದಾಗ ಎದ್ದು, ಅಂಕಿ ಒದರಿ, ಆಮೇಲೆ ಮಾರುತ್ತರಕ್ಕೆಂದು ಎರಡು ಬಾರಿ ಚೂರು ಹೊತ್ತು ಕಿವಿಗೊಟ್ಟು ಮತ್ತೆ ಮಲಗುತ್ತದೆ. ಎರಡು ಪೆಟ್ಟಿಗೆ ಒಟ್ಟಿಗೆ ಕೂಗಿದರೆ ಮಾತು ಕೆಡಬಹುದು. ಕೆಡಲಿ ಬಿಡಿ, ಮುಂದಿನ ಸಲ ಹೇಳುತ್ತದೆ. ೧೯೭೧ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಅವರ ತಂಡ ದ್ವೀಪಗಳ ನಡುವೆ ನಡೆಸಿದ ಅಲೋಹಾ ಜಾಲದ ಉಪಾಯವೇ ಇದರ ಮೂಲ.

ಇಲ್ಲೊಂದು ಮಾತನ್ನು ಮಾರುವವರು ಹೇಳುವುದು ಕಡಮೆ. ಗೇಟ್‌ವೇಗೆ ಕೂಗು ಸರಿಯಾಗಿ ತಲುಪದಿದ್ದರೆ ಲೋರಾ ಪೆಟ್ಟಿಗೆ ನಿಧಾನವಾಗಿ, ಎಳೆದೆಳೆದು ಮಾತಾಡುವಂತೆ ಏರ್ಪಾಡಿರುತ್ತದೆ. ವೇಗಕ್ಕೆ ೭ರಿಂದ ೧೨ರವರೆಗೆ ಮೆಟ್ಟಿಲುಂಟು; ಒಂದೊಂದು ಮೆಟ್ಟಿಲಿಗೂ ಹಿಡಿಯುವ ಹೊತ್ತು ಸುಮಾರು ಇಮ್ಮಡಿ. ಏಳರಲ್ಲಿ ಹೇಳುವ ಸಣ್ಣ ಸುದ್ದಿಗೆ ಹನ್ನೆರಡರಲ್ಲಿ ಇಪ್ಪತ್ತು ಪಟ್ಟಿಗೂ ಮಿಗಿಲಾದ ಹೊತ್ತು ಬೇಕು, ಶೆಲ್ಲೂ ಹಾಗೇ ಸವೆಯುತ್ತದೆ. ನೀರು ತುಂಬಿದ ಹಸಿರೆಲೆ ರೇಡಿಯೋ ಅಲೆಯನ್ನು ಹೀರುತ್ತದೆ. ಮೊಳಕೆಯ ಕಾಲದಲ್ಲಿ ಚೆನ್ನಾಗಿ ನಡೆದ ಪೆಟ್ಟಿಗೆ, ಕಬ್ಬು ಆಳೆತ್ತರ ಬೆಳೆದ ಮೇಲೆ ಶೆಲ್ಲು ತಿನ್ನತೊಡಗುವುದು ಇದರಿಂದಲೇ. ಕಡ್ಡಿ ನೆಲದಲ್ಲೇ ಇರಲಿ. ಆಂಟೆನಾವನ್ನು ಮಾತ್ರ ಬೆಳೆ ಪೂರ್ತಿ ಬೆಳೆದರೂ ಮುಳುಗದಷ್ಟು ಎತ್ತರದ ಗೂಟಕ್ಕೆ ಕಟ್ಟಿಸಿ.

'ಹತ್ತು ವರ್ಷ ಬಾಳಿಕೆ' ಎಂದು ಚೀಟಿಯಲ್ಲಿ ಬರೆದಿದ್ದರೆ, ದಿನಕ್ಕೆ ಎಷ್ಟು ಸಲ ಮಾತಾಡಿದರೆ, ಯಾವ ಮೆಟ್ಟಿಲಲ್ಲಿ ಮಾತಾಡಿದರೆ ಎಂದು ಕೇಳಿ. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವ ವಸ್ತುವಲ್ಲ. ಗಂಟೆಗೊಮ್ಮೆ ಹೇಳಿದರೆ ಧಾರಾಳವಾಯಿತು. ಪ್ರತಿ ಮಾತಿಗೂ 'ಕೇಳಿಸಿತು' ಎಂಬ ಮಾರುತ್ತರ ಬೇಡುವ ಏರ್ಪಾಡೂ ತೇವಕ್ಕೆ ಬೇಕಿಲ್ಲ.

ಗೇಟ್‌ವಾಲ್ವ್ ತೆರೆಯುವ ಪೆಟ್ಟಿಗೆಯ ಕಥೆಯೇ ಬೇರೆ. ಸದಾ ಮಲಗುವ ಬಗೆಯದಾದರೆ ನೀವು ಫೋನಿನಲ್ಲಿ ಒತ್ತಿದ ಅಪ್ಪಣೆ, ಅದು ಮುಂದಿನ ಸಲ ಎದ್ದು ಮಾತಾಡುವವರೆಗೂ ಅದಕ್ಕೆ ಕೇಳಿಸದು. ಅಷ್ಟರಲ್ಲಿ ಪಂಪು ಓಡಿ ವಾಲ್ವು ಮುಚ್ಚಿಯೇ ಇದ್ದರೆ ಪೈಪಿನ ಕೂಡಿಕೆ ಕಿತ್ತುಕೊಳ್ಳಬಹುದು. ಅಂಥ ಪೆಟ್ಟಿಗೆಗೆ ಸೋಲಾರ್ ಫಲಕವಿಟ್ಟು ಎಚ್ಚರವಾಗಿಯೇ ಇಡಬೇಕು, ಇಲ್ಲವೇ ವಾಲ್ವು ತೆರೆದ ಸುದ್ದಿ ಬಂದ ಮೇಲೆಯೇ ಮೋಟಾರು ಹಾಕಬೇಕು.

ಇನ್ನು ಫೋನು ನೋಡುವಾಗ ಅಂಕಿಗಿಂತ ಮೊದಲು ಆ ಅಂಕಿ ಬಂದ ಗಳಿಗೆಯನ್ನು ನೋಡಿ. ಎರಡು ಮೂರು ಸರದಿ ತಪ್ಪಿದ್ದರೆ ಗುದ್ದಲಿ ಹಿಡಿದು ಹೊಲಕ್ಕೆ ಹೋಗಿ, ಬೇರಿನ ಮಟ್ಟದ ಮಣ್ಣನ್ನು ತೆಗೆದು ಅಂಗೈಯಲ್ಲಿ ಒತ್ತಿ, ಉಂಡೆ ಕಟ್ಟುತ್ತದೆಯೋ ಉದುರುತ್ತದೆಯೋ ನೋಡಿ ಆ ದಿನದ ನೀರು ತೀರ್ಮಾನಿಸಿ.